ಶನಿವಾರದ ಚೀಲಕ್ಕೆ ಅಕ್ಬರಿ ಬೇಗಂ ಕೈ

ಶನಿವಾರ ಬೆಳಗ್ಗೆ ಐದೂಮುಕ್ಕಾಲು. ರಾಮನಗರದ ಹೊರಮಗ್ಗುಲಲ್ಲಿರುವ ಒಣಕಸದ ಶೆಡ್ಡಿನ ಶಟರನ್ನು ಅಕ್ಬರಿ ಬೇಗಂ ಭುಜ ಕೊಟ್ಟು ಎತ್ತುತ್ತಾರೆ. ಕೈಯಲ್ಲಿ ಎತ್ತುವ ಹಾಗಿಲ್ಲ. ಎಡಗೈಯಲ್ಲಿ ಎರಡು ಬೆರಳಿಲ್ಲ. ಬಲಗೈ ಹೆಬ್ಬೆರಳು ಊದಿಕೊಂಡು ಬದನೆಕಾಯಿ ಬಣ್ಣಕ್ಕೆ ತಿರುಗಿದೆ. ನೋವಿದೆಯಾ ಅಂತ ಕೇಳಿದರೆ ನಗುತ್ತಾರೆ. "ನೋವಾಗಿದ್ರೆ ಎಷ್ಟೋ ಚೆನ್ನಾಗಿರ್ತಿತ್ತು ಕಣಪ್ಪ" ಅನ್ನುತ್ತಾರೆ.

ಆರಕ್ಕೆ ಮೊದಲ ಆಟೊ ಬಂದು ಚೀಲ ಸುರಿದು ಹೋಗುತ್ತದೆ. ಗಿಡ್ಡ ಮಣೆ ಎಳೆದುಕೊಂಡು ಕೂತ ಅಕ್ಬರಿ ಬೇಗಂ ಒಂದು ಕವರು ತೆಗೆದು ಕಿವಿಯ ಹತ್ತಿರ ಹಿಡಿದು ಹಿಚುಕುತ್ತಾರೆ. ಕರಕರ ಅಂದರೆ ಚಿಪ್ಸಿನದು, ಆ ಮೂಲೆಗೆ. ಮೆತ್ತಗೆ ಸುಯ್ ಅಂದರೆ ಹಾಲಿನದು, ಈ ಮೂಲೆಗೆ. ಬೇರೆಯವರು ಮುಟ್ಟಿ ಬೇರ್ಪಡಿಸುವುದನ್ನು ಇವರು ಕೇಳಿ ಬೇರ್ಪಡಿಸುತ್ತಾರೆ. ಹನ್ನೊಂದು ಬಗೆಯ ಪ್ಲಾಸ್ಟಿಕ್ಕಿನ ಸದ್ದು ಅವರಿಗೆ ಗೊತ್ತು. ಬೆರಳಿಗೆ ಮಾತ್ರ ಏನೂ ಗೊತ್ತಾಗುವುದಿಲ್ಲ.

ಆ ಬೆರಳುಗಳು ಸತ್ತದ್ದು ಈ ಶೆಡ್ಡಿನಲ್ಲಲ್ಲ. ಹದಿಮೂರನೇ ವಯಸ್ಸಿಗೇ ಅಕ್ಬರಿ ಬೇಗಂ ರೇಷ್ಮೆ ನೂಲು ತೆಗೆಯುವ ಚರಕದ ಮುಂದೆ ಕೂತವರು. "ಕುದಿಯೋ ನೀರ್ನಾಗೆ ಗೂಡು ಕುಣೀತಿರ್ತಾವೆ. ಎಳೆ ಸಿಗಬೇಕು ಅಂದ್ರೆ ಬೆರಳು ಬುಡ್ಲೇಬೇಕು. ಮೊದಲ್ನೇ ವರ್ಸ ಉರಿ ತಡೀನಾರದೆ ಅಳ್ತಿದ್ದೆ. ಆಮ್ಯಾಕೆ ಒಂದಿನ ಉರೀನೇ ನಿಂತೋಯ್ತು. ಅಲ್ಲಾ ಕಣ್ಬುಟ್ಟ ಅಂದ್ಕಂಡೆ. ಬೆರಳೇ ಸತ್ತೋಗೈತೆ ಅಂತ ಯಾರಿಗ್ ಗೊತ್ತು?" ಹೀಗೆ ಇಪ್ಪತ್ತೆಂಟು ವರ್ಷ. ನಾವು ಮದುವೆ ಮನೆಯಲ್ಲಿ ಸರಭರ ಅನ್ನಿಸಿಕೊಂಡು ಓಡಾಡುವ ಸೀರೆಗಳ ಹಿಂದೆ ಇಂಥ ಎಷ್ಟು ಬೆರಳು ಬೆಂದಿವೆಯೋ, ಆ ಶಿವನೇ ಬಲ್ಲ. ಆ ಗೂಡು ಬೇಯಿಸುವ ಒಲೆಯ ಹೊಗೆ ಕುಡಿದು ಗಂಡ ಮುಕ್ತಿಯಾರ್ ಕೆಮ್ಮಿ ಕೆಮ್ಮಿ ತೀರಿಕೊಂಡರು. ಗಲ್ಲಿಯ ಚರಕಗಳು ಒಂದೊಂದಾಗಿ ನಿಂತವು. ಆರು ವರ್ಷದ ಹಿಂದೆ ಅಕ್ಬರಿ ಬೇಗಂ ಈ ಶೆಡ್ಡಿಗೆ ಬಂದರು. ಜೊತೆಗೆ ಸಕ್ಕರೆ ಕಾಯಿಲೆಯೂ ಬಂತು.

ಶೆಡ್ಡಿನಲ್ಲಿ ಇರುವವರು ಮೂವರು ಹೆಂಗಸರು. ಅಕ್ಬರಿ ಬೇಗಂ ಜೊತೆಗೆ ಅವರ ವಾರಿಗೆಯ ವೆಂಕಟಲಕ್ಷ್ಮಮ್ಮ, ಮತ್ತೆ ಮನೆಯಲ್ಲಿ ಹಸುಗೂಸು ಬಿಟ್ಟು ಬರುವ ರಹೀಮಾ. ಸಾಧಾರಣ ದಿನಕ್ಕೆ ಮುನ್ನೂರೈವತ್ತು ಕಿಲೋ ಕಸ ಬರುತ್ತದೆ. ಶನಿವಾರ ಅದು ಆರುನೂರು ದಾಟುತ್ತದೆ. ಕಾರಣ ಯಾವ ಹೆಂಗಸನ್ನು ಕೇಳಿದರೂ ಹೇಳುತ್ತಾಳೆ: ಶುಕ್ರವಾರ ಮನೆಯಿಂದ ಏನನ್ನೂ ಆಚೆ ಹಾಕಬಾರದು, ಲಕ್ಷ್ಮಿ ಹೊರಟುಹೋಗುತ್ತಾಳೆ. ಹಾಗಂತ ಒಡೆದ ಕನ್ನಡಿ ಮನೆಯಲ್ಲಿ ಇರಲೂಬಾರದು, ಅದೂ ಅಪಶಕುನ. ಹಾಗಾಗಿ ಶುಕ್ರವಾರದ ಪೂಜೆಗೆ ಮನೆ ತೊಳೆಯುವಾಗ ಒಡೆದ ಕನ್ನಡಿ, ಲೋಟ, ದೇವರ ಪಟದ ಗಾಜು ಎಲ್ಲಾ ಬಟ್ಟೆ ಸುತ್ತಿಸಿಕೊಂಡು ಹಿತ್ತಿಲ ಮೂಲೆಯಲ್ಲಿ ಕಾಯುತ್ತವೆ. ಶನಿವಾರ ಬೆಳಕು ಹರಿಯುತ್ತಿದ್ದಂತೆ ಶೆಡ್ಡಿಗೆ ಬರುತ್ತವೆ. ಸುತ್ತುವವರ ಮನಸ್ಸು ಒಳ್ಳೆಯದೇ, ಯಾರಿಗೂ ಚುಚ್ಚದಿರಲಿ ಅಂತ ಮೂರು ಸುತ್ತು ಸುತ್ತುತ್ತಾರೆ. ನಿಮ್ಮ ಕೈಗಾದರೆ ಒಳಗೆ ಗಟ್ಟಿ ಏನೋ ಇದೆ ಅಂತ ತಿಳಿಯುತ್ತದೆ. ಅಕ್ಬರಿ ಬೇಗಂ ಕೈಗೆ ಅದು ಬರೀ ಬಟ್ಟೆಯ ಗಂಟು.

ಎರಡು ವರ್ಷದ ಹಿಂದೆ, ವರಮಹಾಲಕ್ಷ್ಮಿ ಹಬ್ಬದ ಮಾರನೆಯ ಶನಿವಾರ. ಅವತ್ತು ಬಂದ ಕಸವೆಲ್ಲ ಕೆಂಪು. ಹಾಲಿನ ಕವರಿಗೆ ಕುಂಕುಮ, ಎಲೆಗೆ ಕುಂಕುಮ, ಆರತಿ ನೀರು ಸುರಿದ ಪ್ಲಾಸ್ಟಿಕ್ ತಟ್ಟೆಯೂ ಕೆಂಪು. ಅಕ್ಬರಿ ಬೇಗಂ ಒಂದು ಗಂಟು ಬಿಚ್ಚಿದರು, ಮತ್ತೊಂದು ಬಿಚ್ಚಿದರು. ಅವರ ಮುಂದಿನ ಹಾಲಿನ ಕವರುಗಳು ಒದ್ದೆಯಾಗುತ್ತಾ ಹೋದವು. "ನಾನೂ ನೋಡ್ದೆ ಕಣಪ್ಪ" ಅಂತ ವೆಂಕಟಲಕ್ಷ್ಮಮ್ಮ ಹಣೆ ಹಣೆ ಚಚ್ಚಿಕೊಳ್ಳುತ್ತಾರೆ. "ಹಬ್ಬದ ಕುಂಕುಮ ಅಂದ್ಕಂಡೆ. ತುಳೀಬಾರ್ದು ಅಂತ ಕಾಲು ಬ್ಯಾರೆ ಎತ್ತಿಟ್ಕಂಡೆ. ಅಕ್ಬರಕ್ಕನ ರಕ್ತ ಅದು. ನನ್ ಕಣ್ಣಿಗ್ ಏನಾಗಿತ್ತೋ!" ಹತ್ತು ಗಂಟೆಗೆ ಅಕ್ಬರಿ ಬೇಗಂ ಕಣ್ಣು ಕತ್ತಲಿಟ್ಟು ಪಕ್ಕಕ್ಕೆ ವಾಲಿದಾಗಲೇ ಗೊತ್ತಾದದ್ದು. ಸಕ್ಕರೆ ಕಾಯಿಲೆಯ ಕೈ, ಗಾಯ ಮಾಯಲಿಲ್ಲ. ಕೀವಾಗಿ ಎರಡು ಬೆರಳು ಹೋದವು.

ಗ್ಲೌಸ್ ಹಾಕಬಾರದೇ ಅನ್ನುವವರಿದ್ದಾರೆ. ಹಾಕಿ ನೋಡಿಯೂ ಆಗಿದೆ. ಬೆರಳಿಲ್ಲದ ಖಾಲಿ ತುದಿಗಳು ಗಂಟಿಗೆ ಸಿಕ್ಕಿಕೊಂಡು ಎಳೆಯುತ್ತವೆ. ರಹೀಮಾ ಅವನ್ನು ಕತ್ತರಿಸಿ ಹೊಲಿದು ಕೊಟ್ಟಳು, ಅದೂ ವಾರಕ್ಕೆ ಹರಿಯಿತು. ಗಾಜಿಗೆ ಅದರ ತೆಳು ರಬ್ಬರು ಯಾವ ಲೆಕ್ಕ!

ಅದಾದ ಮೇಲೆ ಅಕ್ಬರಿ ಬೇಗಂ ಶನಿವಾರದ ಚೀಲ ಮುಟ್ಟುವುದನ್ನು ಬಿಟ್ಟಿರಬೇಕು ಅಂದುಕೊಂಡಿರಾ? ಇಲ್ಲ. ಶನಿವಾರದ ಚೀಲವನ್ನು ಅವರು ಬೇರೆ ಯಾರಿಗೂ ಮುಟ್ಟಗೊಡುವುದೇ ಇಲ್ಲ. ರಹೀಮಾ ಒಂದು ಚೀಲಕ್ಕೆ ಕೈ ಹಾಕಿದರೆ ಸಾಕು, ಗದರುತ್ತಾರೆ.

"ಕೊಡಿ ಖಾಲಾ, ಡಾಕ್ಟ್ರು ಏನಂದವ್ರೆ ನಿಮ್ಗೆ?" ಚಿಕ್ಕಮ್ಮನನ್ನು ಕರೆಯುವ ಹಾಗೆ ಕರೆದು ರಹೀಮಾ ಕೇಳುತ್ತಾಳೆ.

"ಡಾಕ್ಟ್ರು ಅಂದಿದ್ದು ನಂಗೆ, ನಿಂಗಲ್ಲ. ನಿಂಗೆ ಚುಚ್ಚಿದ್ರೆ ನೋವಾಯ್ತದೆ ಕಣೇ. ನಂಗಾಗಕಿಲ್ಲ. ಹೋಗತ್ಲಾಗೆ, ರಟ್ಟು ಕಟ್ಟೋಗು."

ಎಂಥ ನ್ಯಾಯ ನೋಡಿ! ನೋವು ಗೊತ್ತಾಗದವಳೇ ಗಾಯ ಮಾಡಿಕೊಳ್ಳಲಿ ಅಂತ. ರಹೀಮಾ ಚೀಲ ಬಿಟ್ಟು ರಟ್ಟು ಕಟ್ಟಲು ಹೋಗುತ್ತಾಳೆ. ಎರಡು ವರ್ಷದಲ್ಲಿ ಈ ಶೆಡ್ಡಿನ ಇನ್ನಿಬ್ಬರಿಗೂ ಒಂದು ಗೀರು ಕೂಡ ಬಿದ್ದಿಲ್ಲ.

ಏಳೂವರೆಗೆ ಸ್ಕೂಟರಿನಲ್ಲಿ ಒಬ್ಬ ಹೆಂಗಸು ಬರುತ್ತಾರೆ. ತಾವೇ ತಂದು ಕೊಡುವ ಅಚ್ಚುಕಟ್ಟಿನವರು. ಪೇಪರು ಬೇರೆ, ಬಾಟಲಿ ಬೇರೆ, ಬಟ್ಟೆ ಬೇರೆ. ಅಕ್ಬರಿ ಬೇಗಂ ಎದ್ದು ನಿಂತು ಕೇಳುತ್ತಾರೆ, "ಗಾಜು, ಕನ್ನಡಿ ಏನಾರಾ ಐತಾ ತಾಯಿ?"

ಹೆಂಗಸಿನ ಮುಖ ಗಂಟಿಕ್ಕುತ್ತದೆ. "ಬೆಳಬೆಳಗ್ಗೆ ಒಡೆದ ಕನ್ನಡಿ ಮಾತು ಯಾಕಮ್ಮ? ಬಿಡ್ತು ಅನ್ನಿ. ಏನೂ ಇಲ್ಲ."

ಸ್ಕೂಟರು ತಿರುವು ದಾಟಿದ ಮೇಲೆ ಅಕ್ಬರಿ ಬೇಗಂ ಬಟ್ಟೆಯ ಚೀಲವನ್ನು ನೆಲಕ್ಕೆ ಮೆಲ್ಲಗೆ ಬಡಿದು ಕಿವಿಗೊಡುತ್ತಾರೆ. ಸದ್ದಿಲ್ಲ. ಇನ್ನೊಮ್ಮೆ ಬಡಿಯುತ್ತಾರೆ. ಇಲ್ಲ. ಸಮಾಧಾನವಾಗದೆ ಚೀಲವನ್ನು ಪೂರಾ ಬಗ್ಗಿಸಿ ಸುರಿದು, ಕಡ್ಡಿಯಲ್ಲಿ ಒಂದೊಂದೇ ಪದರ ಬಿಡಿಸುತ್ತಾರೆ. ಹಳೆಯ ಟವೆಲ್ಲಿನೊಳಗೆ ಲಂಗ, ಲಂಗದೊಳಗೆ ಅಂಗೈಯಗಲದ ಮೂರು ಚೂರು ಕನ್ನಡಿ. ಅಷ್ಟು ಮೆತ್ತೆಯಲ್ಲಿ ಸದ್ದಾದರೂ ಎಲ್ಲಿಂದ ಬರಬೇಕು? ಮೂರು ವಾರದ ಹಿಂದೆ ಹೆಬ್ಬೆರಳು ಸೀಳಿದ್ದೂ ಇಂಥದೇ ಒಂದು ಗಂಟು, "ಏನೂ ಇಲ್ಲ" ಅಂತ ಹೇಳಿ ಕೊಟ್ಟುಹೋದದ್ದು. ಈ ಸಲ ಕೈ ಉಳಿಯಿತು.

ಸೋಮವಾರ ಆಸ್ಪತ್ರೆಗೆ ಬರಹೇಳಿದ್ದಾರೆ. ಕಪ್ಪು ಬುಡಕ್ಕೆ ಇಳಿದಿದ್ದರೆ ಹೆಬ್ಬೆರಳು ತೆಗೆಯಬೇಕಾಗುತ್ತದೆ ಅಂತ ಡಾಕ್ಟರು ಮೊದಲೇ ಹೇಳಿದ್ದಾರೆ. ಹೆಬ್ಬೆರಳಿಲ್ಲದ ಬಲಗೈ, ಎರಡು ಬೆರಳಿಲ್ಲದ ಎಡಗೈ ಇಟ್ಟುಕೊಂಡು ಚೀಲದ ಬಾಯಿ ಬಿಚ್ಚುವುದು ಹೇಗೆ? ವೆಂಕಟಲಕ್ಷ್ಮಮ್ಮ ಕಬ್ಬಾಳಮ್ಮನಿಗೆ ಹರಕೆ ಹೊತ್ತಿದ್ದಾರೆ. ಇನ್ನು ಅಕ್ಬರಿ ಬೇಗಂ, ಇಷ್ಟು ಹೊತ್ತೂ ನಗುತ್ತಿದ್ದವರು, ಈಗ ಕೈಯನ್ನು ಸೆರಗಿನೊಳಗೆ ಎಳೆದುಕೊಳ್ಳುತ್ತಾರೆ. ಹೆದರಿಕೆ ಆಗುತ್ತದೆ ಅಂತ ಒಪ್ಪಿಕೊಳ್ಳುತ್ತಾರೆ.

"ನಾನಿಲ್ದೇ ಹೋದ್ರೆ ಶನಿವಾರದ ಚೀಲ ಈ ಮಗೀನೇ ಬಿಚ್ಚಬೇಕು" ಅಂತ ರಹೀಮಾ ಕಡೆ ಗಲ್ಲ ತೋರಿಸುತ್ತಾರೆ.

ಅವರಿಗೆ ಏನಾದರೂ ಬೇಕಾ ಅಂದರೆ ಇಷ್ಟೇ ಹೇಳುತ್ತಾರೆ:

"ನಂಗೆ ಶಾಲು ಗೀಲು ಏನೂ ಬ್ಯಾಡಪ್ಪ. ಕನ್ನಡಿ ಒಡದೈತೆ ಅಂತ ಒಂದ್ ಮಾತು ಬಾಯ್ಬುಟ್ಟು ಹೇಳ್ಬುಡ್ಲಿ, ಸಾಕು. ಅಪಶಕುನ ಆಯ್ತದೆ ಅಂತ ಭಯ ಇದ್ರೆ, ಅಕ್ಬರಿ ತಲೆ ಮ್ಯಾಲೆ ಬೀಳ್ಲಿ ಅಂದ್ಬುಟ್ಟು ಹೇಳ್ಲಿ. ನಾನ್ ಹೊತ್ಕತೀನಿ."