ಬಿಟ್ಟುಹೋದ ನಗೆಮಾತು

ನ್ಯಾಯಾಲಯದಲ್ಲಿ ಬೆರಳಚ್ಚಿನ ಕೆಲಸ ಮಾಡುತ್ತಿದ್ದ ಅತ್ತಿಗೆ ಕೆಲಸದಲ್ಲಿ ಬಲು ಕಟ್ಟುನಿಟ್ಟು. ಸಾಕ್ಷಿ ತೊದಲಿದರೆ ತೊದಲಿದ್ದನ್ನೇ, ವಕೀಲರು ಗದರಿದರೆ ಗದರಿದ್ದನ್ನೇ ಒಂದಕ್ಷರ ಬಿಡದೆ ಇಳಿಸುವವಳು. ಮದುವೆಯಾಗಿ ಬಂದಾಗಿನಿಂದ ಆ ಮನೆಯಲ್ಲಿ ಅವಳಿಗೆ ಹೆಚ್ಚು ಒಗ್ಗಿದ್ದು ಗಂಡನ ತಂಗಿ. ಚಿಕ್ಕಂದಿನಲ್ಲಿ ಬಂದ ಜ್ವರದಿಂದ ನಾದಿನಿಯ ಕಿವಿ ಪೂರಾ ಹೋಗಿತ್ತು. ಎದುರಿಗಿದ್ದವರ ತುಟಿ ನೋಡಿ ಅರ್ಧ, ಊಹೆಯಲ್ಲಿ ಇನ್ನರ್ಧ ತಿಳಿದುಕೊಳ್ಳುತ್ತಿದ್ದಳು. ಮಾತಾಡುವಾಗ ದನಿ ಕೊಂಚ ಏರುಪೇರಾಗುತ್ತಿತ್ತು, ಅಷ್ಟೇ.

ನಾದಿನಿ ಬಟ್ಟೆ ಹೊಲಿಯುವ ಅಂಗಡಿಯೊಂದರಲ್ಲಿದ್ದಳು. ಹೊಲಿಗೆ ಯಂತ್ರ ಕೆಟ್ಟಾಗಲೆಲ್ಲ ರಿಪೇರಿಯವನ ದಾರಿ ಕಾದು ಸಾಕಾಗಿ, ತಾನೇ ಆ ಕೆಲಸ ಕಲಿಯಲು ಹೊರಟಳು. ತರಬೇತಿ ಕೇಂದ್ರದ ಜಾಲತಾಣದಲ್ಲಿ ವಿಡಿಯೊ ಪಾಠಗಳಿದ್ದವು. ಆದರೆ ಮೇಷ್ಟ್ರು ಯಂತ್ರದ ಮೇಲೆ ಬಗ್ಗಿಯೇ ಮಾತಾಡುತ್ತಿದ್ದರಿಂದ ತುಟಿ ಕಾಣುತ್ತಿರಲಿಲ್ಲ. ಕೆಳಗೆ ತಾನಾಗಿಯೇ ಮೂಡುವ ಅಕ್ಷರಗಳಂತೂ ದೇವರಿಗೇ ಪ್ರೀತಿ.

“ಅತ್ತಿಗೆ, ಯಂತ್ರಕ್ಕೆ ರುಚಿ ಹಾಕಿ ಅಂತ ಬರ್ತಿದೆ.”

“ಸೂಜಿ ಕಣೇ. ಕೊಡಿಲ್ಲಿ, ನಾನೇ ಬರೀತೀನಿ.”

ರಜೆಯ ದಿನ ಕೂತು ಮೊದಲ ಪಾಠದ ಮಾತನ್ನೆಲ್ಲ ಅಚ್ಚುಕಟ್ಟಾಗಿ ಬರೆದು ವಿಡಿಯೊಗೆ ಹೊಂದಿಸಿದಳು. ನಾದಿನಿ ಖುಷಿಯಿಂದಲೇ ನೋಡುತ್ತಿದ್ದವಳು ಒಂದು ಕಡೆ ತಟಕ್ಕನೆ ನಿಲ್ಲಿಸಿದಳು.

“ಇಲ್ಲಿ ಕ್ಲಾಸಲ್ಲಿರೋರೆಲ್ಲ ನಗ್ತಿದ್ದಾರೆ. ಯಾಕೆ?”

“ಏನಿಲ್ಲ ಬಿಡು. ಪಾಠಕ್ಕೆ ಸಂಬಂಧಪಟ್ಟಿದ್ದಲ್ಲ.”

ನಾದಿನಿಯ ಮುಖ ಬಾಡಿತು. “ಊಟಕ್ಕೆ ಕೂತಾಗ ಅಣ್ಣನೂ ಹೀಗೇ ಅಂತಾನೆ. ಅಮ್ಮನೂ ಹೀಗೇ ಅಂತಿದ್ದಳು. ಏನಿಲ್ಲ ಬಿಡು. ಕೋರ್ಟಲ್ಲಿ ಕಳ್ಳ ಕೆಮ್ಮಿದ್ರೂ ಬರೀತೀರಲ್ಲ, ನನಗೆ ಮಾತ್ರ ಯಾಕೆ ಕತ್ತರಿ?”

ಅವಳಿಗೆ ನೋವಾಗದಿರಲೆಂದೇ ಅತ್ತಿಗೆ ಮೇಷ್ಟ್ರ ಆ ಮಾತನ್ನು ಬಿಟ್ಟಿದ್ದಳು. ಈಗ ಅಳುಕುತ್ತಲೇ ಬರೆದು ತೋರಿಸಿದಳು: “ದಾರ ಹರಿದರೆ ಯಂತ್ರಕ್ಕೆ ಬೈಬೇಡಿ, ಸೂಜಿ ನೋಡಿ. ನಾನೂ ಬೈದು ಬೈದು ಸುಸ್ತಾಗಿದ್ದೀನಿ, ಅದಕ್ಕೆ ಕಿವಿಯೇ ಇಲ್ಲ.”

ನಾದಿನಿ ಎರಡು ಸಲ ಓದಿದಳು. ಆಮೇಲೆ ಬಾಯಿಗೆ ಸೆರಗು ಅಡ್ಡ ಹಿಡಿದು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು.

“ಪುಣ್ಯ ಮಾಡಿದೆ ಬಿಡಿ ಅತ್ತಿಗೆ, ಆ ಯಂತ್ರ.”

ಅತ್ತಿಗೆ ಆ ಪಾಠವನ್ನು ಮೊದಲಿಂದ ಮತ್ತೆ ಬರೆದಳು. ಮೇಷ್ಟ್ರ ಗೊಣಗಾಟ, ಹಿಂದೆ ಬಾಗಿಲು ಬಡಿದ ಸದ್ದು, ಎಲ್ಲವನ್ನೂ. ಬರೆದದ್ದನ್ನು ಕೇಂದ್ರಕ್ಕೆ ಕಳಿಸಿದಾಗ ಅಲ್ಲಿನವರು, “ಇದನ್ನೆಲ್ಲ ಯಾರು ಓದ್ತಾರಮ್ಮ?” ಅಂದರು. ಮೇಷ್ಟ್ರೇ ಹಟ ಹಿಡಿದು ಹಾಕಿಸಿದರು. ಕಿವಿ ಕೇಳಿಸದವರಷ್ಟೇ ಅಲ್ಲ, ಗದ್ದಲದ ಅಂಗಡಿಗಳಲ್ಲಿ ಕೂತು ಕಲಿಯುವವರೂ ಉಳಿದ ಪಾಠಗಳಿಗೂ ಬೇಕೆಂದು ಕೇಳತೊಡಗಿದರು. ಅತ್ತಿಗೆಯ ರಜೆಗಳೆಲ್ಲ ಅದಕ್ಕೇ ಸಂದವು.

ನಾದಿನಿ ಈಗ ಅದೇ ಅಂಗಡಿಯ ಮೂಲೆಯಲ್ಲಿ ರಿಪೇರಿಯ ಮೇಜು ಹಾಕಿಕೊಂಡಿದ್ದಾಳೆ. ಮನೆಯಲ್ಲಿ ಊಟದ ಹೊತ್ತಿಗೆ ಯಾರು ಏನು ಹೇಳಿ ನಗಿಸಿದರೂ ಅತ್ತಿಗೆ ತುತ್ತು ಕೆಳಗಿಟ್ಟು, ಅವಳ ಕಡೆ ತಿರುಗಿ, ಪೂರ್ತಿ ಹೇಳುತ್ತಾಳೆ, ಗಂಡನ ಸವಕಲು ಜೋಕುಗಳನ್ನೂ ಸೇರಿಸಿ. “ಇದನ್ನ ಬಿಟ್ಟಿದ್ರೂ ನಡೀತಿತ್ತು” ಎಂದು ನಾದಿನಿ ಒಮ್ಮೊಮ್ಮೆ ಗೊಣಗುವುದುಂಟು.