ಎಂಟು ಗಂಟೆಯ ಊಟ

ಕಾಯಿಸಿ ಆರಿಸಿದ ನೀರಿಗೆ ಒಂದು ಸಪ್ಪೆ ವಾಸನೆ ಇರುತ್ತದೆ. ಮೊನ್ನೆ ಕೊಲ್ಹಾಪುರದಲ್ಲಿ ಗೆಳತಿಯೊಬ್ಬಳ ಮನೆಯಲ್ಲಿ ನೀರು ಕುಡಿಯಲು ಲೋಟ ಎತ್ತಿದಾಗ ಅದೇ ವಾಸನೆ ಬಂತು. ಕಾಯಿಸಿ ಆರಿಸಿದ ನೀರನ್ನೇ ಕುಡಿಯುತ್ತಿದ್ದ ಕಾಕು ನೆನಪಾದರು.

ಇಚಲಕರಂಜಿಯಲ್ಲಿ ಅವರು ನಮ್ಮ ಪಕ್ಕದ ಮನೆಯವರು; ಓಣಿಗೆಲ್ಲ ಕಾಕು, ಅಂದರೆ ಚಿಕ್ಕಮ್ಮ. ಜೈನರು, ಅರಿವೆ ವ್ಯಾಪಾರದ ಮನೆತನ, ಗಂಡ ತೀರಿಕೊಂಡಿದ್ದರು. ಗಂಡನ ಮನೆಯಿಂದ ಹೊರಬಿದ್ದ ಹೆಂಗಸರು ಮಗ್ಗದ ಶೆಡ್ಡುಗಳಲ್ಲಿ ಕೆಲಸ ಹುಡುಕಿಕೊಂಡು ಬಂದು, ಇರಲು ಜಾಗವಿಲ್ಲದೆ ವಾಪಸು ಹೋಗುವುದನ್ನು ಅವರು ಎಷ್ಟೋ ವರ್ಷ ನೋಡಿದ್ದರು. ಕೊನೆಗೆ ತಮ್ಮ ಹಿತ್ತಲಿನ ಮೂರು ಖೋಲಿಗಳನ್ನು ಖಾಲಿ ಮಾಡಿಸಿದರು. ಆರು ತಿಂಗಳು ಇಲ್ಲಿರಬೇಕು, ಕೆಲಸ ಹಿಡಿಯಬೇಕು, ಆಮೇಲೆ ಸ್ವಂತ ಬಾಡಿಗೆ ಖೋಲಿಗೆ ಹೋಗಬೇಕು. ಅಷ್ಟೇ ಅವರ ಯೋಜನೆ. ಸಂಸ್ಥೆಯ ನೋಂದಣಿಗೆಂದು ಅವರೂ ನಾನೂ ಕೊಲ್ಹಾಪುರಕ್ಕೆ ನಾಲ್ಕು ಸಲ ಹೋದೆವು. ಅಲ್ಲಿಯ ಕಾರಕೂನ, “ಅಂದ್ರ ವಿಧವಾಶ್ರಮ ಏನ್ರಿ?” ಎಂದ.

“ಆಶ್ರಮ ಅಲ್ಲೋ ಮಾರಾಯಾ, ಎಸ್.ಟಿ. ಬಸ್ ಸ್ಟ್ಯಾಂಡ್ ಅಂತ ಬರಕೊ. ಅಲ್ಲಿ ಯಾರರ ಸಂಸಾರ ಹೂಡ್ತಾರೇನು?” ಎಂದರು ಕಾಕು.

ನನಗೆ ಆಗ ಇಪ್ಪತ್ತು ವರ್ಷ. ದಿನಚರಿ ಬರೆಯುವ ಚಟ ನನಗಿದ್ದುದು ಅವರಿಗೆ ಗೊತ್ತಿತ್ತು. ಯಾರು ಬಂದರು, ಯಾರು ಹೋದರು, ಯಾರು ಉಂಡರು ಎಂಬ ಲೆಕ್ಕದ ವಹಿಯನ್ನು ನನಗೇ ವಹಿಸಿದರು. ಬೆಳಗಿನ ಊಟಕ್ಕೊಂದು ಸಾಲು, ಸಂಜೆಯದಕ್ಕೊಂದು. ಉಂಡವರ ಮುಂದೆ ಚುಕ್ಕೆ, ಉಣ್ಣದವರ ಮುಂದೆ ಗೆರೆ.

ಕಾಕು ಹುಟ್ಟಿದಾಗಿನಿಂದ ಹೊತ್ತು ಮುಳುಗಿದ ಮೇಲೆ ಅನ್ನ ಮುಟ್ಟಿದವರಲ್ಲ, ನೀರನ್ನೂ ಕುಡಿದವರಲ್ಲ. ಹಾಗಾಗಿ ಹಿತ್ತಲಿನ ಒಲೆಯೂ ಸೂರ್ಯ ಮುಳುಗುವ ಮೊದಲೇ ಆರುತ್ತಿತ್ತು. ಅದನ್ನು ಅವರು ನಿಯಮ ಎಂದು ಮಾಡಿರಲಿಲ್ಲ. ಊಟದ ಹೊತ್ತು ಎಂದರೆ ಅದೊಂದೇ ಎಂದು ಅವರು ತಿಳಿದಿದ್ದರು... ನಾನೂ ಅಷ್ಟೇ. ಆದರೆ ಶೆಡ್ಡಿನ ಪಾಳಿ ಬಿಡುವುದು ರಾತ್ರಿ ಎಂಟಕ್ಕೆ. ಕೆಲಸದಿಂದ ಬಂದವರಿಗೆ ಕಾಣುತ್ತಿದ್ದುದು ತೊಳೆದು ಬೋರಲು ಹಾಕಿದ ಪಾತ್ರೆಗಳು. ಕಾಕು ದೊಡ್ಡವರು, ಆಸರೆ ಕೊಟ್ಟವರು. ಯಾರೂ ಬಾಯಿಬಿಟ್ಟು ಕೇಳಲಿಲ್ಲ.

ಹಲಕರ್ಣಿಯಿಂದ ಬಂದವಳೊಬ್ಬಳಿದ್ದಳು. ಕಂಡಿಕೆಗೆ ನೂಲು ಸುತ್ತುವ ಕೆಲಸ ಹಿಡಿದಿದ್ದಳು. ಗಂಡ ಅವಳ ಎಡಗೈ ಮುರಿದಿದ್ದ. ಆ ಕೈ ಪೂರ್ತಿ ಮಡಚುತ್ತಿರಲಿಲ್ಲ. ಕೆಲಸಕ್ಕೆ ಸೇರಿದ ಹನ್ನೆರಡನೆಯ ದಿನ ಬೆಳಿಗ್ಗೆ ಚೀಲ ತೆಗೆದುಕೊಂಡು ತವರಿಗೆ ಹೊರಟುಹೋದಳು. ಅದೇ ಖೋಲಿಯಲ್ಲಿದ್ದ ಇನ್ನೊಬ್ಬಳಿಗೆ ಒಂದೇ ಮಾತು ಹೇಳಿದ್ದಳಂತೆ: “ತವರಮನ್ಯಾಗ ಬೈದು ಊಟಾ ಹಾಕ್ತಾರ. ಇಲ್ಲಿ ಬೈಯೂದೂ ಇಲ್ಲ, ಹಾಕೂದೂ ಇಲ್ಲ.”

ಆ ಮಾತು ಕಾಕುವಿನ ಕಿವಿಗೆ ಬಿತ್ತು. ವಹಿ ತರಿಸಿದರು. ಸಂಜೆಯ ಸಾಲಿನಲ್ಲಿ ಅವಳ ಹೆಸರಿನ ಮುಂದೆ ಹನ್ನೊಂದು ಗೆರೆಗಳು.

“ಇವು ಏನು?”

“ಊಟ ಇಲ್ಲ ಅಂತ, ಕಾಕು.”

“ಇಲ್ಲ ಅಂದ್ರ? ಆಕಿ ಒಲ್ಲೆ ಅಂದ್ಳೋ, ನಾವ ಹಾಕಲಿಲ್ಲೋ?”

ಅದಕ್ಕೆ ನನ್ನ ವಹಿಯಲ್ಲಿ ಸಾಲು ಇರಲಿಲ್ಲ. ಹನ್ನೊಂದು ದಿನ ಒಂದೂ ತಪ್ಪದೆ ಬರೆದಿದ್ದೆ, ಒಂದು ಸಲವೂ ಓದಿರಲಿಲ್ಲ.

ಕಾಕು ಅವಳ ತವರಿಗೆ ಫೋನ್ ಮಾಡಿಸಿದರು. ಎತ್ತಿದವನು ಅಣ್ಣ. ಗುರುವಾರ ಅವಳನ್ನು ಗಂಡನ ಮನೆಗೆ ಬಿಟ್ಟುಬರುವುದಾಗಿ ಹೇಳಿ ಇಟ್ಟುಬಿಟ್ಟ. ಅಂದು ಬುಧವಾರ. ಮಧ್ಯಾಹ್ನವೇ ಹೊರಟೆವು. ಗಡಹಿಂಗ್ಲಜದಲ್ಲಿ ಬಸ್ಸು ಬದಲಿಸಬೇಕಿತ್ತು. ಅದು ತಡವಾಗಿ ಬಂತು. ಹಲಕರ್ಣಿಯಲ್ಲಿ ಇಳಿದಾಗ ಹೊತ್ತು ಮುಳುಗಿತ್ತು.

ದಲಿತರ ಓಣಿಯಲ್ಲಿ ಬೌದ್ಧರ ಮನೆ. ಗೋಡೆಯ ಮೇಲೆ ಬುದ್ಧನ ಪಟ. ಅವಳು ಎರಡು ಗ್ಲಾಸು ನೀರು ತಂದಿಟ್ಟಳು. ನಾನು ಕುಡಿದೆ. ಕಾಕುವಿನ ಕೈ ಗ್ಲಾಸಿನವರೆಗೆ ಹೋಗಿ ನಿಂತಿತು. ಬಾಗಿಲಲ್ಲಿ ನಿಂತಿದ್ದ ಅವಳ ತಾಯಿ ಅದನ್ನು ನೋಡಿದಳು.

“ಯಾಕ್ರೀ ಬಾಯಾರ, ನಮ್ಮ ಮನೀ ನೀರು ನಡಿಯಂಗಿಲ್ಲೇನು?”

ವ್ರತದ ವಿಷಯ ಹೇಳಲು ನಾನು ಬಾಯಿ ತೆರೆದೆ. ಕಾಕು ನನ್ನ ಮೊಣಕೈ ಒತ್ತಿದರು. ಆ ಮನೆಯಲ್ಲಿ ಕೂತು ಯಾವ ಕಾರಣ ಹೇಳಿದರೂ ಅದು ಹೇಗೆ ಕೇಳಿಸುತ್ತದೆಂದು ಅವರಿಗೆ ತಿಳಿದಿತ್ತು. ಗ್ಲಾಸು ಎತ್ತಿ ಪೂರ್ತಿ ಕುಡಿದರು. “ಇನ್ನೊಂದು ತಾ ಅವ್ವಾ, ಬಸ್ಸಿನ್ಯಾಗ ಭಾಳ ಧೂಳ,” ಎಂದರು. ಅದನ್ನೂ ಕುಡಿದರು.

ಆಮೇಲೆ ಅವಳ ಕಡೆ ತಿರುಗಿದರು. “ತಪ್ಪು ನಂದು. ನಿನ್ನ ಹೊತ್ತು ಯಾವುದಂತ ನಾ ಕೇಳಲೇ ಇಲ್ಲ.”

ಅವಳು ತಾಯಿಯನ್ನು ನೋಡಿದಳು, ತನ್ನ ಎಡಗೈಯನ್ನು ನೋಡಿಕೊಂಡಳು. “ಎಂಟಕ್ಕ ಬಂದ್ರ ರೊಟ್ಟಿ ಸಿಗ್ತಾವೇನ್ರಿ?”

“ಬಿಸೀವು ಸಿಗ್ತಾವ.”

ಅಣ್ಣ ಗೊಣಗಿದ. ತಾಯಿ, “ನೀ ಸುಮ್ನಿರೋ, ಕೈ ಆಕೀದು ಮುರದದ, ನಿಂದಲ್ಲ,” ಎಂದಳು. ಅದೇ ರಾತ್ರಿ ಕೊನೆಯ ಬಸ್ಸಿಗೆ ಮೂವರೂ ಹೊರಟೆವು.

ಮರುದಿನ ಕಾಕು ನಿರಾಹಾರ ಇದ್ದರು, ನೀರೂ ಇಲ್ಲ. ಯಾಕೆಂದು ಯಾರಿಗೂ ಹೇಳಲಿಲ್ಲ. ಅಂದಿನಿಂದ ಹಿತ್ತಲಿನ ಒಲೆ ಎಂಟಕ್ಕೆ ಮತ್ತೆ ಹೊತ್ತತೊಡಗಿತು. ಜೈನರ ಹಿತ್ತಲಿನಲ್ಲಿ ರಾತ್ರಿ ಒಲೆಯೇ ಎಂದು ಬೀಗರು, ನೆಂಟರು ಬಂದು ಆಡಿಕೊಂಡು ಹೋದರು. ಕಾಕು ಎಂದಿನಂತೆ ಹಗಲಲ್ಲೇ ಊಟ ಮುಗಿಸಿ, ಎಂಟಕ್ಕೆ ಬಂದು ಬಡಿಸಿ, ಉಣ್ಣುವವರ ಸಾಲಿನ ತುದಿಯಲ್ಲಿ ಕೂರುತ್ತಿದ್ದರು. “ಬಡಸೂ ಕೈಗೆ ವ್ರತ ಇರೂದಿಲ್ಲ,” ಎನ್ನುತ್ತಿದ್ದರು.

ಹಲಕರ್ಣಿಯವಳು ಆರು ತಿಂಗಳಿಗೆ ಬದಲು ಎಂಟು ತಿಂಗಳಿದ್ದಳು. ಈಗ ಗೋಕುಳ ಶಿರಗಾಂವದ ಒಂದು ವರ್ಕ್‌ಶಾಪಿನಲ್ಲಿ ಕೆಲಸ, ಹತ್ತಿರದಲ್ಲೇ ಸ್ವಂತ ಖೋಲಿ. ಹೋದ ಚಳಿಗಾಲದಲ್ಲಿ ಕಾಕು ತೀರಿಕೊಂಡಾಗ ಪಾಳಿ ಬಿಟ್ಟು ಬಂದಿದ್ದಳು. ನೆಂಟರು ತುಂಬಿದ್ದ ಮನೆಯೊಳಗೆ ಬರದೆ ಗೇಟಿನ ಹತ್ತಿರ ನಿಂತು ಹೋದಳು.

ಈಗ ಆ ಮೂರು ಖೋಲಿಗಳನ್ನು ನೋಡಿಕೊಳ್ಳುವವಳು ನಾನು. ನಿನ್ನೆ ಹೊಸಬಳೊಬ್ಬಳು ಬಂದಳು. “ಇಲ್ಲಿ ಹಿರೇರು ಯಾರದಾರ್ರೀ?” ಎಂದಳು. ನಾನು ಒಂದು ಗಳಿಗೆ ಹಿಂದಕ್ಕೆ ತಿರುಗಿ ನೋಡಿದೆ... ಯಾರಿರುತ್ತಾರೆ. ಒಳಗೆ ಕರೆದು ಕೂರಿಸಿ, ಮೊದಲು ಕೇಳಬೇಕಾದ್ದನ್ನು ಕೇಳಿದೆ: “ನೀವು ಎಷ್ಟೊತ್ತಿಗೆ ಊಟಾ ಮಾಡ್ತೀರಿ?”



“ಎಲ್ಲಾರದೂ ಆದ ಮ್ಯಾಲ ರೀ,” ಎಂದಳು.

ನಾನು ಎರಡು ತಾಟಿಗೆ ಊಟ ಹಚ್ಚಿಕೊಂಡು ಬಂದು ಅವಳೆದುರು ಕೂತೆ.