ಮೇಣದ ಕೆಳಗಿನ ಕೈ

ನಾನು ಬಿ.ಎಸ್ಸಿ. ಪಾಸಾಗುವುದು ಆಗದ ಮಾತು ಎಂದವರು ಹುಣಸೂರಿನ ಮರದ ವ್ಯಾಪಾರದ ಸಾಹುಕಾರರು. ಕೆಟ್ಟವರೇನಲ್ಲ. ಅಪ್ಪನ ಕೈಕೆಲಸದ ಮೇಲೆ ಅವರಿಗೆ ಬಹಳ ಗೌರವವಿತ್ತು.

"ಮೇಸ್ತ್ರಿ, ನಿಮ್ದು ಬಣ್ಣದ ಮನೆತನ ಕಣ್ರೀ. ದೊಡ್ಡೋನು ಬ್ರಶ್ ಹಿಡಿದ, ನಿಮ್ಮಂಗೇ ಆದ. ಈ ಚಿಕ್ಕೋನು ಬೆಂಗ್ಳೂರಲ್ಲಿ ಸೀಸೆ ಅಲ್ಲಾಡ್ಸಿ ಬಿ.ಎಸ್ಸಿ. ಆಯ್ತಾನಾ? ಮಳೆ ಬಂದ್ರೆ ನನ್ ಕಾರೇ ಇಲ್ಲೇ ಇರೋ ಗಾವಡಗೆರೆ ಮುಟ್ಟಲ್ಲ, ಇವನು ಅಷ್ಟು ದೂರ ಮುಟ್ತಾನಾ?"

ಅಲ್ಲಿದ್ದವರೆಲ್ಲ ನಕ್ಕರು. ನಗದಿದ್ದವನು ಅಣ್ಣ ಒಬ್ಬನೇ. "ಮುಟ್ತಾನೆ ಬುಡಿ ಸಾಹೇಬ್ರೆ, ಹಿಂದಿಂದ ತಳ್ಳಾಕೆ ನಾನಿಲ್ವಾ?" ಎಂದ.

ಅಪ್ಪ ಮೊದಲು ಗಾಡಿಗಳಿಗೆ, ಜಟಕಾಗಳಿಗೆ ಬಣ್ಣ ಹಾಕುತ್ತಿದ್ದರು. ಊರಿಗೆ ಕಾರು ಬಂದ ಮೇಲೆ ಅದಕ್ಕೂ ಅವರೇ. ನಮ್ಮ ಮನೆಯಲ್ಲಿ ನನಗಿಂತ ಮುಂಚೆ ಯಾರೂ ಮಿಡಲ್ ಸ್ಕೂಲು ದಾಟಿರಲಿಲ್ಲ. ಅಣ್ಣ ಮೂರನೇ ಕ್ಲಾಸಿಗೇ ಬಿಟ್ಟು ಅಪ್ಪನ ಜೊತೆ ನಿಂತ. ಅವನು ನಿಂತಿದ್ದರಿಂದ ನಾನು ಓದಿದೆ. ಇದನ್ನು ಮುಚ್ಚಿಟ್ಟು ಹೇಳುವುದರಲ್ಲಿ ಅರ್ಥವಿಲ್ಲ.

ನಾನು ಕೊನೆಯ ವರ್ಷದಲ್ಲಿದ್ದಾಗ, ಆಷಾಢದಲ್ಲಿ, ಸಾಹುಕಾರರ ಕಾರಿಗೆ ಹೊಸದಾಗಿ ಕಪ್ಪು ಬಣ್ಣ ಹಾಕಿ ಮೇಲೆ ವಾರ್ನಿಷ್ ಬಳಿದಿದ್ದರು. ರಾತ್ರಿ ಕಳೆದರೂ ವಾರ್ನಿಷ್ ಒಣಗಿರಲಿಲ್ಲ. ಬೆಳಿಗ್ಗೆ ಮಳೆ ಹೊಡೆದು ಕೊಟ್ಟಿಗೆಯ ಸೂರು ಸೋರತೊಡಗಿತು. ಅಣ್ಣ ಓಡಿಹೋಗಿ ಕಾರನ್ನು ಒಳಕ್ಕೆ ತಳ್ಳಿದ. ತಳ್ಳುವ ಅವಸರದಲ್ಲಿ ಹಿಂದಿನ ಎಡಬಾಗಿಲಿನ ಮೇಲೆ ಅಂಗೈ ಊರಿಬಿಟ್ಟ. ಐದು ಬೆರಳು, ಅಂಗೈಯ ಗೆರೆಗಳು, ಎಲ್ಲ ಅಚ್ಚಾಗಿ ಕೂತವು. ಅಪ್ಪ ಬೈದು, "ಒಣಗ್ಲಿ, ಆಮೇಲೆ ಉಜ್ಜಿ ತೆಗೆಯಾಣ" ಎಂದರಂತೆ.

ಅದು ಗಟ್ಟಿಯಾಗಲು ಒಂದು ತಿಂಗಳು ಬೇಕಿತ್ತು. ಅಷ್ಟರೊಳಗೆ ಅಣ್ಣ ಬಣ್ಣ ಹಾಕಿದ ಎರಡು ಗಾಡಿ ಚಕ್ರಗಳನ್ನು ಕೊಟ್ಟು ಬರಲು ಚುಂಚನಕಟ್ಟೆ ಕಡೆಗೆ ಹೋದ. ಕಾವೇರಿ ತುಂಬಿತ್ತು. ಹರಿಗೋಲು ಮಗುಚಿತು. ಉಳಿದವರು ದಡ ಸೇರಿದರು, ಚಕ್ರವೂ ಒಂದು ಸಿಕ್ಕಿತು. ಅಣ್ಣ ಸಿಗಲಿಲ್ಲ. ಹನ್ನೊಂದು ದಿನ ಹುಡುಕಿದೆವು. ಸುಡಲೂ ಇಲ್ಲ, ಹೂಳಲೂ ಇಲ್ಲ. ನಮಗೆ ಅಂತ ಉಳಿದದ್ದು ಆ ಬಾಗಿಲಿನ ಮೇಲಿನ ಕೈ ಮಾತ್ರ.

ಅಪ್ಪ ಅದನ್ನು ಉಜ್ಜಲಿಲ್ಲ. ಸಾಹುಕಾರರೂ ಎರಡು ತಿಂಗಳು ಸುಮ್ಮನಿದ್ದರು. ದಸರಾ ರಜೆಗೆ ನಾನು ಊರಿಗೆ ಬಂದಾಗ ಹೇಳಿಕಳಿಸಿದರು: "ದೀಪಾವಳಿ ಕಳೆದ ಮೇಲೆ ಪಿರಿಯಾಪಟ್ಟಣದಲ್ಲಿ ನಮ್ ಮಗಳ ಶಾದಿ. ಹೊಸ ಅಳಿಯ ಕೂರೋ ಗಾಡಿ ಮೇಲೆ ಸತ್ತೋನ ಕೈ ಇರಬಾರ್ದು, ಮೇಸ್ತ್ರಿ. ನಿಮ್ಗೇ ಗೊತ್ತಾಯ್ತದೆ." ಜೊತೆಗೆ ಕಾರನ್ನೂ, ಹೊಳಪಿಗೆಂದು ವಿಲಾಯಿತಿಯಿಂದ ಬಂದ ಒಂದು ಡಬ್ಬಿ ಸೀಮೆ ಮೇಣವನ್ನೂ ಕಳಿಸಿದ್ದರು.

ಅಪ್ಪ ಇಟ್ಟಿಗೆ ಪುಡಿಯನ್ನು ಬಟ್ಟೆಯಲ್ಲಿ ಸೋಸಿ ಇಟ್ಟುಕೊಂಡು ಬಾಗಿಲ ಮುಂದೆ ಕೂತರು. ಕೂತೇ ಇದ್ದರು. ನಾನು ಹೇಳಿದೆ, "ಉಜ್ಜೋದು ಬ್ಯಾಡ ಅಪ್ಪ. ಮೇಣ ತುಂಬಿ ಮುಚ್ಚಾಣ. ಯಾವ ಮೇಣ ಅಂತ ನಾನು ನೋಡ್ತೀನಿ."

ಕಾರಿನ ಬಾನೆಟ್ಟಿಗೆ ದಾರ ಕಟ್ಟಿ ಮೂರು ಪಾಲು ಮಾಡಿದೆ. ಒಂದಕ್ಕೆ ಡಬ್ಬಿಯ ಸೀಮೆ ಮೇಣ. ಒಂದಕ್ಕೆ ಮೇಣದಬತ್ತಿ ಕರಗಿಸಿ ಸೀಮೆಎಣ್ಣೆ ಬೆರೆಸಿದ್ದು. ಇನ್ನೊಂದಕ್ಕೆ ಕಾಕನಕೋಟೆ ಕಾಡಿನ ಜೇನುಕುರುಬರು ತಂದು ಮಾರುತ್ತಿದ್ದ ಜೇನುಮೇಣ, ಟರ್ಪೆಂಟೈನಿನಲ್ಲಿ ಕಲಸಿ. ಚೊಂಬಿನಿಂದ ನೀರು ಸುರಿದು, ಧೂಳಿನ ರಸ್ತೆಯಲ್ಲಿ ಓಡಾಡಿಸಿ, ಮತ್ತೆ ಒರೆಸಿ, ಹತ್ತು ದಿನ ನೋಡಿದೆ.

ಸೀಮೆ ಮೇಣ ಬಲು ಗಟ್ಟಿ. ಉಜ್ಜಿ ಉಜ್ಜಿ ರಟ್ಟೆ ಬಿದ್ದುಹೋಗುತ್ತಿತ್ತು. ಆದರೆ ಹೊಳಪು ಕತ್ತಿಯ ಅಲಗಿನಂಥದು, ನೀರು ಮಣಿಮಣಿಯಾಗಿ ಉರುಳಿ ಹೋಗುತ್ತಿತ್ತು. ಕಷ್ಟವೆಂದರೆ ಅದು ಕೆಳಗಿರುವ ಏನನ್ನೂ ಮುಚ್ಚುವುದಿಲ್ಲ. ಬಾಗಿಲಿನ ಮೂಲೆಯಲ್ಲಿ ಸ್ವಲ್ಪ ಹಚ್ಚಿ ನೋಡಿದರೆ ಅಣ್ಣನ ಕಿರುಬೆರಳಿನ ಸುಕ್ಕು ಕೂಡ ಎಣಿಸುವ ಹಾಗೆ ಕಂಡಿತು. ಕೈ ಹಿಂದೆಗೆದುಕೊಂಡೆ. ಬತ್ತಿಯ ಮೇಣಕ್ಕೆ ಒಂದು ಸಂಜೆಯ ಆಯಸ್ಸು. ತುಂತುರು ಬಿದ್ದರೆ ಬೆಳ್ಳಗೆ ಮಚ್ಚೆ ಮಚ್ಚೆ. ಜೇನುಮೇಣದ ಹೊಳಪು ಅಷ್ಟು ಚುರುಕಿಲ್ಲ, ಬಾವಿಯ ನೀರಿನ ಹಾಗೆ ಆಳ. ಮಳೆಗೆ ಜಗ್ಗುವುದಿಲ್ಲ, ಹಳ್ಳಕ್ಕೆ ಚೆನ್ನಾಗಿ ಕೂರುತ್ತದೆ. ಬಿಸಿಲಿಗೆ ಮೆತ್ತಗಾಗುತ್ತದೆಂಬುದು ನನಗೆ ಗೊತ್ತಿತ್ತು. ಆದರೆ ಆಗ ಬಿಸಿಲಿನ ಕಾಲವಾಗಿರಲಿಲ್ಲ.

ಜೇನುಮೇಣಕ್ಕೆ ದೀಪದ ಮಸಿ ಬೆರೆಸಿ ಒಂದೊಂದೇ ಬೆರಳನ್ನು ತುಂಬಿದೆ. ಬೆರಳು ತುಂಬುವಾಗ ನನ್ನ ಬೆರಳು ಅವನ ಬೆರಳಿನ ಮೇಲೇ ಇತ್ತು. ಅಪ್ಪ ಗೋಡೆಯ ಕಡೆ ಮುಖ ಮಾಡಿ ಕೂತಿದ್ದರು.

"ಮುಚ್ಚಿದ್ಯಾ?"

"ಮುಚ್ಚಿದೆ."

"ಒಳಗೈತೆ ತಾನೆ?"

"ಐತೆ ಅಪ್ಪ."

ಸಾಹುಕಾರರು ಬಂದು ಬಾಗಿಲು ನೋಡಿ, ನನ್ನ ಬೆನ್ನು ತಟ್ಟಿದರು. ಮದುವೆಗೆ ಕಾರು ಹೋಗಿ ಬಂತು. ನಾನು ಬೆಂಗಳೂರಿಗೆ ಹೋದೆ.

ಪರೀಕ್ಷೆ ಮುಗಿಸಿ ಏಪ್ರಿಲಿನಲ್ಲಿ ಬಸ್ಸಿನಿಂದ ಇಳಿದಾಗ ನನ್ನನ್ನು ಮೊದಲು ಹಿಡಿದವನು ಸಾಹುಕಾರರ ಡ್ರೈವರು. "ನಿಮ್ಮಣ್ಣ ಬತ್ತಾವ್ನೆ ಕಣಪ್ಪೋ! ಮಟಮಟ ಮಧ್ಯಾಹ್ನದಾಗೆ! ನಾನು ಒರೆಸ್ತೀನಿ, ಓಯ್ತದೆ. ನಾಳೆ ಹನ್ನೆರಡು ಗಂಟೆಗೆ ಆ ಕೈ ಮತ್ತೆ ಏಳ್ತದೆ. ಕೆಂಪಗೆ! ನಾನು ಆ ಬಾಗಿಲು ಮುಟ್ಟಾಕಿಲ್ಲ, ಕೆಲಸ ಹೋದ್ರೂ ಹೋಗ್ಲಿ."

ನನಗೆ ನಿಂತಲ್ಲೇ ಅರ್ಥವಾಯಿತು. ಬಿಸಿಲಿಗೆ ಮೇಣ ಮೆತ್ತಗಾಗಿ ರಸ್ತೆಯ ಕೆಮ್ಮಣ್ಣು ಅದಕ್ಕೆ ಮಾತ್ರ ಅಂಟಿಕೊಳ್ಳುತ್ತಿತ್ತು. ಅರ್ಥವಾಗಿದ್ದರೂ, ಶುಕ್ರವಾರ ಮಸೀದಿಯ ಹೊರಗೆ ನಿಂತಿದ್ದ ಕಾರಿನ ಮೇಲೆ ಅದನ್ನು ನೋಡಿದಾಗ ಎರಡು ಹೆಜ್ಜೆ ಹಿಂದಕ್ಕೆ ಸರಿದೆ. ಕಪ್ಪು ಬಾಗಿಲಿನ ಮೇಲೆ ಕೆಂಪು ಕೈ, ಒಳಗಿನಿಂದ ಹೊರಕ್ಕೆ ತಳ್ಳುತ್ತಿರುವ ಹಾಗೆ.

ಅದರ ಎದುರಿಗೆ, ಬಿಸಿಲಲ್ಲಿ, ಅವ್ವ ನಿಂತಿದ್ದಳು. ಪ್ರತಿ ಶುಕ್ರವಾರವೂ ಬರುತ್ತಿದ್ದಳಂತೆ.

"ಬಿಸಿಲು ಏರಿದ್ರೆ ಬತ್ತಾನೆ ಕಣ್ಲಾ," ಎಂದಳು, ಸಣ್ಣ ದನಿಯಲ್ಲಿ.

"ಅದು ಮೇಣ ಕಣವ್ವ. ನಾನೇ ತುಂಬಿದ್ದು. ಧೂಳು ಅಂಟ್ತದೆ, ಅಷ್ಟೇಯ."

"ಗೊತ್ತು ಬುಡು," ಎಂದಳು. ಅಲ್ಲಿಂದ ಕದಲಲಿಲ್ಲ.

ಸಾಹುಕಾರರ ಮನೆಯವರು ಆ ಕಾರು ಹತ್ತುವುದನ್ನೇ ಬಿಟ್ಟಿದ್ದರು. ಊರವರು ಮಕ್ಕಳನ್ನು ಎಳೆದುಕೊಂಡು ದೂರ ಸರಿಯುತ್ತಿದ್ದರು. ಸಾಹುಕಾರರು ನನ್ನನ್ನು ಕರೆಸಿದರು. ನಾನು ಇದ್ದದ್ದನ್ನು ಇದ್ದಂತೆ ಹೇಳಿದೆ: ಜೇನುಮೇಣ, ಮಸಿ, ಬಿಸಿಲು, ಧೂಳು. ಅವರು ಕೇಳಿಸಿಕೊಂಡರು.

"ನೀನು ಹೇಳೋದು ನಿಜಾನೇ ಇರ್ಬೋದು. ಊರು ನಂಬಲ್ಲ ಕಣಪ್ಪ. ದೆವ್ವ ಅಲ್ಲ ಅಂತ ಓದಿದೋನು ಹೇಳಿದ್ರೆ ಸಾಲ್ದು, ತೆಗೆದು ತೋರ್ಸು. ಆಗಾಕಿಲ್ಲ ಅಂದ್ರೆ ಮೈಸೂರಿಂದ ಬೇರೆಯೋರ್ನ ಕರೆಸಿ ಪೂರ್ತಿ ಬಣ್ಣ ಕೆರೆಸ್ತೀನಿ."

ಬೇರೆಯವರ ಕೈಗೆ ಕೊಡಬಾರದೆಂದು ನಾನು ಒಪ್ಪಿದೆ ಎಂದು ಬಹಳ ಕಾಲ ಹೇಳಿಕೊಂಡು ಬಂದಿದ್ದೇನೆ. ಅದು ಅರ್ಧ ನಿಜ. ಓದಿದೋನು ಎಂಬ ಮಾತು ಅವರ ಬಾಯಿಂದ ಬಂದದ್ದು ನನಗೆ ಹಿಡಿಸಿತ್ತು. ಉಳಿದರ್ಧ ಅದು.

ಅಪ್ಪನನ್ನು ಕೇಳಿದೆ. "ನನ್ ಕೈಲಾಗಲ್ಲ. ನಿನ್ ಕೈಲಾದ್ರೆ ಮಾಡು," ಎಂದು ಹೆಗಲ ಮೇಲೆ ಟವೆಲು ಹಾಕಿಕೊಂಡು ಹೊರಟುಹೋದರು. ಅವ್ವನನ್ನು ಕೇಳಲಿಲ್ಲ.

ಟರ್ಪೆಂಟೈನಿನಿಂದ ಮೇಣ ತೊಳೆದು, ಒದ್ದೆ ಬಟ್ಟೆಯಲ್ಲಿ ಇಟ್ಟಿಗೆ ಪುಡಿ ಹಚ್ಚಿ ಉಜ್ಜತೊಡಗಿದೆ. ಹೆಬ್ಬೆರಳು ಮೊದಲು ಹೋಯಿತು. ಗೆರೆಗಳು ಆಮೇಲೆ. ನಡುಬೆರಳಿನ ತುದಿ ಮಾತ್ರ ಆಳವಾಗಿ ಊರಿತ್ತು, ಅದಕ್ಕೇ ಅರ್ಧ ಗಂಟೆ ಹಿಡಿಯಿತು. ಮಧ್ಯೆ ಒಮ್ಮೆ ನಿಲ್ಲಿಸಿದೆ. ಅಷ್ಟು ಉಳಿಸಿಬಿಡಬಹುದಿತ್ತು. ಉಳಿಸಲಿಲ್ಲ. ಮೇಲೆ ಹೊಸ ವಾರ್ನಿಷ್ ಎಳೆದು, ಕಾರನ್ನು ಸಾಹುಕಾರರ ಶೆಡ್ಡಿನಿಂದ ಹೊರಗೆ ತೆಗೆಯದ ಹಾಗೆ ಹೇಳಿ ತಿಂಗಳು ಕಾದು, ಸೀಮೆ ಮೇಣ ಹಚ್ಚಿದೆ. ಮೂರರಲ್ಲಿ ಅದೇ ಮೇಲು, ಈಗಲೂ ಹಾಗೇ ಹೇಳುತ್ತೇನೆ. ಬಾಗಿಲಲ್ಲಿ ನನ್ನ ಮುಖ ಕಂಡಿತು. ಅಣ್ಣನದೂ ನನ್ನದೂ ಮುಖ ಒಂದೇ ಅಚ್ಚು ಎಂದು ಜನ ಹೇಳುತ್ತಿದ್ದರು. ಬಟ್ಟೆ ಮಡಚಿಟ್ಟು ಬಂದುಬಿಟ್ಟೆ. ಮುಂದೆ ಎಂದೂ ಆ ಕಾರಿನ ಹತ್ತಿರಕ್ಕೆ ಹೋಗಲಿಲ್ಲ.

ಮರುದಿನ ಶುಕ್ರವಾರ. ಅವ್ವ ಮಸೀದಿಯ ಕಡೆ ಹೋದಳು. ಬೇಗ ಬಂದಳು. ಒಲೆ ಹಚ್ಚಿದಳು.

ನಾನು ಪಾಸಾದ ಸುದ್ದಿ ಬಂದಾಗ ಸಾಹುಕಾರರೇ ಮನೆಗೆ ಬಂದು, "ನಾನಂದಿದ್ದು ಸುಳ್ಳಾಯ್ತು ಕಣಪ್ಪ, ಖುಷಿ," ಎಂದು ಬೆಲ್ಲ ಹಂಚಿದರು. ಮೈಸೂರು ವಿಶ್ವವಿದ್ಯಾನಿಲಯದ ಘಟಿಕೋತ್ಸವ ಮುಗಿಸಿಕೊಂಡು ಸರ್ಟಿಫಿಕೇಟು ತಂದ ದಿನ ಅಪ್ಪ ಅದನ್ನು ಕಣ್ಣಿಗೊತ್ತಿಕೊಂಡು ಅವ್ವನಿಗೆ ಕೊಡು ಎಂದರು. ಅವ್ವ ಸೆರಗಿಗೆ ಕೈ ಒರೆಸಿಕೊಂಡು ಎರಡೂ ಕೈಯಲ್ಲಿ ತೆಗೆದುಕೊಂಡಳು. ಅವಳಿಗೆ ಓದಲು ಬರುತ್ತಿರಲಿಲ್ಲ. ಆದರೂ ಮೇಲಿನಿಂದ ಕೆಳಗಿನವರೆಗೆ ನೋಡಿದಳು.

"ಚೆನ್ನಾಗೈತೆ ಕಣಪ್ಪ," ಎಂದಳು. "ನಿಮ್ಮಣ್ಣಂಗೆ ಎಲ್ಲಿಗೋಗಿ ತೋರಿಸ್ತೀಯ?"